ಮೊದಲ ಕ್ಲಿನಿಕ್ ಕೆಲಸ: ಎರಡು ಆಫರ್ ಬಂದಾಗ ಹೊಸ ದಂತವೈದ್ಯರು ನೋಡಬೇಕಾದ್ದು ಏನು?

ಇಂಟರ್ನ್‌ಶಿಪ್ ಮುಗಿಯಿತು. ರಾಜ್ಯ ದಂತ ಪರಿಷತ್ತಿನ ನೋಂದಣಿಯೂ ಆಯಿತು. ಈಗ ಎರಡು ಕಡೆಯಿಂದ ಫೋನ್ ಬಂದಿದೆ. ಒಂದು ಕಡೆ ತಿಂಗಳಿಗೆ ಇಂತಿಷ್ಟು ಅಂತ ಸಂಬಳ, ಇನ್ನೊಂದು ಕಡೆ ಮಾಡಿದ ಕೆಲಸದ ಬಿಲ್ಲಿನಲ್ಲಿ ಪರ್ಸೆಂಟೇಜ್. ಮನೆಯಲ್ಲಿ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಕೊಡ್ತಾರಂತೆ?" ಅವರು ಕೇಳುವುದು ಸಹಜ. ಐದು ವರ್ಷ ಓದಿಸಿದವರು ಅವರೇ ಅಲ್ವಾ. ಆದರೆ ಆ ಒಂದು ಅಂಕಿ ಹಿಡಿದುಕೊಂಡು ಎರಡು ಕ್ಲಿನಿಕ್ ಹೋಲಿಸಲು ಆಗುವುದಿಲ್ಲ.

ಮೊದಲು ನಮ್ಮ ಉಡುಪಿ, ಮಂಗಳೂರು ಕಡೆಯ ಪರಿಸ್ಥಿತಿ ನೋಡಿ. ಮಣಿಪಾಲದಲ್ಲಿ ದಂತ ಕಾಲೇಜಿದೆ. ಮುಕ್ಕದಲ್ಲಿದೆ, ಕುಂಟಿಕಾನದಲ್ಲಿದೆ, ಲೈಟ್‌ಹೌಸ್ ಹಿಲ್‌ನಲ್ಲಿದೆ, ದೇರಳಕಟ್ಟೆಯಲ್ಲಂತೂ ಎರಡಿವೆ. ಪ್ರತಿ ವರ್ಷ ನೂರಾರು ಹೊಸ ಡಾಕ್ಟರುಗಳು ಹೊರಬರುತ್ತಾರೆ. ಎಲ್ಲರೂ ಇಲ್ಲೇ ಉಳಿಯುವುದಿಲ್ಲ. ಆದರೂ ನೀವು ಬೇಡ ಅಂದರೆ ಇನ್ನೊಬ್ಬರು ಸಿಗುತ್ತಾರೆ ಅನ್ನುವುದು ಕ್ಲಿನಿಕ್ ನಡೆಸುವವರಿಗೆ ಗೊತ್ತು. ಹಾಗಾಗಿ ಮೊದಲ ವರ್ಷದ ದುಡ್ಡು ಇಲ್ಲಿ ಎಲ್ಲ ಕಡೆ ಸಾಧಾರಣವೇ. ಎರಡು ಆಫರ್‌ಗಳ ನಡುವೆ ತಿಂಗಳಿಗೆ ಮೂರು ನಾಲ್ಕು ಸಾವಿರದ ವ್ಯತ್ಯಾಸ ಇದ್ದರೆ ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ. ನಿಮ್ಮ ಕೈಗೆ ಎಂಥ ಕೆಲಸ ಬರುತ್ತದೆ, ಆ ಕೆಲಸವನ್ನು ಯಾರು ನೋಡಿ ತಿದ್ದುತ್ತಾರೆ ಎನ್ನುವುದಕ್ಕೇ ನಾನು ಹೆಚ್ಚು ತೂಕ ಕೊಡುತ್ತೇನೆ.

ಹಾಗಂತ ದುಡ್ಡಿನ ಲೆಕ್ಕ ಬಿಡುವಂತಿಲ್ಲ. ಗೊಂದಲ ಜಾಸ್ತಿ ಇರುವುದೂ ಅಲ್ಲೇ. ಅಲ್ಲಿಂದಲೇ ಶುರು ಮಾಡೋಣ.

ಶೇಕಡಾ 30 ಸರಿ, ಯಾವುದರ ಮೇಲೆ?

ಲೆಕ್ಕಕ್ಕಾಗಿ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬ ರೋಗಿಗೆ ಆರ್‌ಸಿಟಿ (ಹಲ್ಲಿನ ಬೇರಿನ ನಾಳ ಶುಚಿ ಮಾಡಿ ತುಂಬುವ ರೂಟ್ ಕೆನಾಲ್ ಚಿಕಿತ್ಸೆ) ಮಾಡಿ, ಮೇಲೆ ಕವಚದಂಥ ಕ್ರೌನ್ ಕೂರಿಸಿದಿರಿ. ಒಟ್ಟು ಬಿಲ್ 9,000 ರೂಪಾಯಿ. ಕ್ರೌನ್ ಮಾಡಿಕೊಟ್ಟ ಲ್ಯಾಬ್‌ಗೆ 1,500. ನಿಮಗೆ ಮಾತಾಡಿರುವುದು ಶೇಕಡಾ 30.

ಇಡೀ ಬಿಲ್ ಮೇಲೆ ಕೊಟ್ಟರೆ ನಿಮಗೆ 2,700 ಬರುತ್ತದೆ. ಲ್ಯಾಬ್ ಬಿಲ್ ಕಳೆದು ಕೊಟ್ಟರೆ 2,250. ಲ್ಯಾಬ್ ಜೊತೆಗೆ ಮೆಟೀರಿಯಲ್ ಖರ್ಚು ಅಂತ ಬಿಲ್ಲಿನ ಶೇಕಡಾ 10 ಕಳೆದರೆ 1,980. ಇನ್ನು ಕ್ಲಿನಿಕ್‌ನವರು 'ನಮ್ಮ ಪರಿಚಯದವರು' ಅಂತ ರೋಗಿಗೆ 1,000 ರೂಪಾಯಿ ಬಿಟ್ಟರು ಅಂದುಕೊಳ್ಳಿ. ಆಗ 8,000ದಿಂದ ಲ್ಯಾಬ್‌ನ 1,500, ಮೆಟೀರಿಯಲ್‌ನ 800 ಹೋಗಿ 5,700 ಉಳಿಯುತ್ತದೆ. ನಿಮ್ಮ ಪಾಲು 1,710. ಒಂದೇ ಹಲ್ಲು, ಒಂದೇ ಕೆಲಸ, ಒಂದೇ ಶೇಕಡಾ 30. ಕೈಗೆ ಬರುವ ಹಣದಲ್ಲಿ ಸುಮಾರು ಒಂದು ಸಾವಿರದ ವ್ಯತ್ಯಾಸ.

ಲ್ಯಾಬ್ ಬಿಲ್ ಕಳೆಯುವುದು ಅನ್ಯಾಯವೇನಲ್ಲ. ಇಬ್ಬರೂ ಹೊರಬೇಕಾದ ಖರ್ಚು ಅದು. ಮೆಟೀರಿಯಲ್ ಕಳೆಯುವ ಬಗ್ಗೆ ನನಗೆ ಅಷ್ಟು ಒಪ್ಪಿಗೆ ಇಲ್ಲ. ಗ್ಲೌಸು, ಆರ್‌ಸಿಟಿಗೆ ಬಳಸುವ ಫೈಲು, ಬಾಡಿಗೆ, ಕರೆಂಟಿಗೆ ಅಂತಲೇ ಉಳಿದ ಶೇಕಡಾ 70 ಕ್ಲಿನಿಕ್‌ಗೆ ಹೋಗುತ್ತದೆ. ಇನ್ನು ರಿಯಾಯಿತಿ. ಅದನ್ನು ಕೊಟ್ಟವರು ಯಾರೋ ಅವರ ಪಾಲಿನಿಂದಲೇ ಅದು ಹೋಗಬೇಕು. ಇದನ್ನು ಮೊದಲೇ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಆರು ತಿಂಗಳ ನಂತರ ಕೇಳಿದರೆ ಜಗಳದ ಹಾಗೆ ಕಾಣುತ್ತದೆ.

ಬಿಲ್ ಮಾಡಿದ ಹಣವೋ, ಕೈಗೆ ಬಂದ ಹಣವೋ ಎನ್ನುವುದು ಇನ್ನೊಂದು ಪ್ರಶ್ನೆ. ನಮ್ಮ ಕಡೆ ಕಂತಿನಲ್ಲಿ ಕೊಡುವವರು ಬಹಳ. "ಮುಂದಿನ ವಾರ ಕೊಡ್ತೇನೆ ಡಾಕ್ಟ್ರೇ" ಅನ್ನುವ ಮಾತು ದಿನಕ್ಕೊಮ್ಮೆಯಾದರೂ ಕೇಳುತ್ತದೆ. ಅವರಲ್ಲಿ ಹೆಚ್ಚಿನವರು ನಿಜವಾಗಿಯೂ ಕೊಡುತ್ತಾರೆ, ತಡವಾಗುತ್ತದೆ ಅಷ್ಟೆ. ಹಣ ಬಂದ ಮೇಲೆ ನಿಮ್ಮ ಪಾಲು ಕೊಡುವುದು ಸರಿಯಾದ ಪದ್ಧತಿಯೇ. ಆದರೆ ಯಾವ ರೋಗಿಯಿಂದ ಎಷ್ಟು ಬಂತು ಅನ್ನುವ ಲೆಕ್ಕ ನಿಮಗೆ ಕಾಣಬೇಕು. ತಿಂಗಳ ಕೊನೆಗೆ ಬರಿ ಒಂದು ಮೊತ್ತ ಹೇಳಿ ಕವರ್ ಕೊಡುವ ಕಡೆ ಪರ್ಸೆಂಟೇಜಿಗೆ ಕೂರಬೇಡಿ. ಅಂಥಲ್ಲಿ ಸಂಬಳವೇ ವಾಸಿ. ಕನ್ಸಲ್ಟೇಶನ್ ಮತ್ತು ಎಕ್ಸ್‌ರೇ ಹಣದಲ್ಲಿ ಪಾಲು ಇದೆಯೋ ಇಲ್ಲವೋ ಅಂತಲೂ ಕೇಳಿ.

ಮಿನಿಮಮ್ ಗ್ಯಾರಂಟಿ ಅಂತಾರಲ್ಲ, ಅದರಲ್ಲಿ ಎರಡು ಥರ ಇದೆ. ಒಂದು, ಸಂಬಳ ಅಥವಾ ಪರ್ಸೆಂಟೇಜ್, ಯಾವುದು ಜಾಸ್ತಿಯೋ ಅದು. ಇನ್ನೊಂದು, ಈ ತಿಂಗಳು ಕಡಿಮೆ ಬಿದ್ದದ್ದನ್ನು ಮುಂದಿನ ತಿಂಗಳ ಪಾಲಿನಿಂದ ಹಿಡಿದುಕೊಳ್ಳುವುದು. ಮೊದಲನೆಯದು ನಿಜವಾದ ಗ್ಯಾರಂಟಿ. ಎರಡನೆಯದು ನಿಮಗೆ ಕೊಟ್ಟ ಸಾಲ. ಇಬ್ಬರೂ ಹೇಳುವಾಗ "ಮಿನಿಮಮ್ ಇದೆ" ಅಂತಲೇ ಹೇಳುತ್ತಾರೆ. ಬಿಡಿಸಿ ಕೇಳಿ.

ಇಷ್ಟೆಲ್ಲ ಆದ ಮೇಲೂ ಶೇಕಡಾವಾರು ಅಂಕಿ ಅರ್ಧ ಮಾತ್ರ ಹೇಳುತ್ತದೆ. ಉಳಿದರ್ಧ ನಿಮ್ಮ ಚೇರಿಗೆ ಬರುವ ರೋಗಿಗಳು. ತಿಂಗಳಿಗೆ 60,000 ರೂಪಾಯಿಯ ಕೆಲಸ ಆಗುವ ಚೇರಿನಲ್ಲಿ ಶೇಕಡಾ 40 ಅಂದರೆ 24,000. ಒಂದೂವರೆ ಲಕ್ಷ ಆಗುವ ಚೇರಿನಲ್ಲಿ ಶೇಕಡಾ 25 ಅಂದರೆ 37,500. ಆದ್ದರಿಂದ ಕೇಳಬೇಕಾದ ಪ್ರಶ್ನೆ ಇದು: "ನನಗಿಂತ ಮೊದಲು ಈ ಚೇರಿನಲ್ಲಿ ಇದ್ದವರಿಗೆ ಕಳೆದ ಆರು ತಿಂಗಳಲ್ಲಿ ಸರಾಸರಿ ಎಷ್ಟು ಬರುತ್ತಿತ್ತು?" ಉತ್ತರ ಕೊಡುವವರ ಮುಖದಲ್ಲೇ ಅರ್ಧ ಗೊತ್ತಾಗುತ್ತದೆ. ಮೊದಲಿದ್ದವರ ನಂಬರ್ ಕೇಳಿ ಅವರ ಹತ್ತಿರವೂ ಮಾತಾಡಿ. ಅವರು ಯಾಕೆ ಬಿಟ್ಟರು ಅನ್ನುವುದು ಯಾವ ಕರಾರು ಪತ್ರದಲ್ಲೂ ಇರುವುದಿಲ್ಲ.

ವರ್ಷವಿಡೀ ಒಂದೇ ಥರ ರೋಗಿಗಳು ಬರುವುದಿಲ್ಲ ಎನ್ನುವುದೂ ಲೆಕ್ಕದಲ್ಲಿರಲಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಹೋಗುವಂತಿಲ್ಲ. ಮಲ್ಪೆ, ಗಂಗೊಳ್ಳಿ ಕಡೆ ಆ ತಿಂಗಳುಗಳಲ್ಲಿ ಜನರ ಕೈಯಲ್ಲಿ ದುಡ್ಡು ಓಡಾಡುವುದಿಲ್ಲ. ಹಲ್ಲು ನೋವಿದ್ದರೂ ಮಾತ್ರೆ ನುಂಗಿ ದಿನ ತಳ್ಳುತ್ತಾರೆ. ಮಣಿಪಾಲದಲ್ಲಿ ಕಾಲೇಜಿಗೆ ರಜೆ ಬಿದ್ದರೆ ವಿದ್ಯಾರ್ಥಿಗಳೇ ಇರುವುದಿಲ್ಲ. ಗಲ್ಫ್‌ನಿಂದ ರಜೆಗೆ ಬಂದವರಿಗೆ ಎರಡು ವಾರದಲ್ಲಿ ಬಾಯಿಯ ಎಲ್ಲ ಕೆಲಸವೂ ಮುಗಿಯಬೇಕು. ಪರ್ಸೆಂಟೇಜಿಗೆ ಹೂಂ ಅಂದು ಜೂನ್‌ನಲ್ಲಿ ಸೇರುವವರು ಮೊದಲ ಮೂರು ತಿಂಗಳಿಗೆ ಮಿನಿಮಮ್ ಕೇಳುವುದೇ ಸರಿ.

ಕೈಗೆ ಬರುವ ಕೆಲಸ

ಇಲ್ಲಿ ಹೊಸಬರಿಗೆ ಸಿಗುವ ಆಫರ್‌ಗಳು ಹೆಚ್ಚು ಕಡಿಮೆ ನಾಲ್ಕು ರೀತಿಯವು.

ಕಾರ್ಕಳ, ಮೂಡುಬಿದಿರೆ, ಕುಂದಾಪುರ, ಬ್ರಹ್ಮಾವರದಂಥ ಊರಿನಲ್ಲಿ ಹಿರಿಯ ಡಾಕ್ಟರ್ ಒಬ್ಬರು ತುಂಬ ವರ್ಷಗಳಿಂದ ನಡೆಸುವ ಕ್ಲಿನಿಕ್. ಎರಡು ಚೇರು ಇರುತ್ತದೆ. ರೋಗಿಗಳು ಅವರನ್ನೇ ಹುಡುಕಿಕೊಂಡು ಬರುತ್ತಾರೆ. ಮೊದಮೊದಲು ನಿಮ್ಮನ್ನು ನೋಡಿ "ದೊಡ್ಡ ಡಾಕ್ಟ್ರು ಇಲ್ವಾ?" ಅಂತ ಕೇಳುತ್ತಾರೆ. ಆದರೆ ಕೆಲಸ ಎಲ್ಲ ಬಗೆಯದ್ದು. ಎಲೆಅಡಿಕೆ ಕಲೆ ಹಿಡಿದ ಹಲ್ಲಿನ ಸ್ಕೇಲಿಂಗ್, ಬೇರು ಮಾತ್ರ ಉಳಿದ ಹಲ್ಲು ತೆಗೆಯುವುದು, ಅಜ್ಜಿಯರ ಕಟ್ಟಿಸಿದ ಹಲ್ಲಿನ ಪೂರ್ತಿ ಸೆಟ್, ಹಾಲುಹಲ್ಲು ಹುಳುಕಾದ ಮಗು. ಹಿರಿಯರು ಪಕ್ಕದ ಚೇರಿನಲ್ಲೇ ಇರುತ್ತಾರೆ. ಬೇರಿನ ಕೆನಾಲ್ ಸಿಗದಿದ್ದರೆ ಎದ್ದು ಬಂದು ನೋಡುತ್ತಾರೆ.

ಎರಡನೆಯದು ಮಂಗಳೂರು ಪೇಟೆಯ ನಾಲ್ಕೈದು ಚೇರಿನ ಕ್ಲಿನಿಕ್. ಹಂಪನಕಟ್ಟೆ, ಕಂಕನಾಡಿ, ಬಿಜೈ, ಕದ್ರಿ ಕಡೆ ಇಂಥವು ಬಹಳ. ಇಲ್ಲಿ ಎಂಡಿಎಸ್ (ದಂತವೈದ್ಯದ ಸ್ನಾತಕೋತ್ತರ ಪದವಿ) ಮಾಡಿದ ಕನ್ಸಲ್ಟೆಂಟ್‌ಗಳು ವಾರಕ್ಕೆ ಇಂತಿಂಥ ದಿನ ಅಂತ ಬರುತ್ತಾರೆ. ದವಡೆ ಹಲ್ಲಿನ ಆರ್‌ಸಿಟಿ, ಅಡ್ಡ ಬಿದ್ದ ಬುದ್ಧಿ ಹಲ್ಲು, ಇಂಪ್ಲಾಂಟ್, ಕ್ಲಿಪ್ ಎಲ್ಲ ಅವರದ್ದು. ನಿಮ್ಮ ಪಾಲಿಗೆ ಸ್ಕೇಲಿಂಗ್, ಫಿಲ್ಲಿಂಗ್, ಮುಂದಿನ ಹಲ್ಲಿನ ಆರ್‌ಸಿಟಿ. ಕನ್ಸಲ್ಟೆಂಟ್ ಪಕ್ಕದಲ್ಲಿ ನಿಂತು ಅಸಿಸ್ಟ್ ಮಾಡಲು ಬಿಟ್ಟರೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಬರಿ ರೋಗಿಯನ್ನು ಕೂರಿಸಿ, ಎಕ್ಸ್‌ರೇ ತೆಗೆದು, ಔಷಧಿ ಚೀಟಿ ಬರೆದುಕೊಡುವ ಕೆಲಸವಾದರೆ ವರ್ಷ ಸುಮ್ನೆ ಹೋಗುತ್ತದೆ. "ದವಡೆ ಹಲ್ಲಿನ ಆರ್‌ಸಿಟಿ ನನಗೆ ಯಾವಾಗ ಸಿಗುತ್ತದೆ?" ಎಂದು ನೇರ ಕೇಳಿ. "ಮೊದಲು ನಾಲ್ಕೈದು ನನ್ನ ಜೊತೆ ಮಾಡಿ, ಆಮೇಲೆ ನೀವೇ ಮಾಡಿ" ಎನ್ನುವವರು ಸಿಕ್ಕರೆ ಸಂಬಳ ಸ್ವಲ್ಪ ಕಡಿಮೆ ಇದ್ದರೂ ಒಪ್ಪಿಕೊಳ್ಳಿ.

ಮೂರನೆಯದು ಬೇರೆ ಬೇರೆ ಊರುಗಳಲ್ಲಿ ಶಾಖೆ ಇರುವ ಚೈನ್ ಕ್ಲಿನಿಕ್. ಸಂಬಳ ಹೇಳಿದ ದಿನಕ್ಕೆ ಬ್ಯಾಂಕ್ ಖಾತೆಗೆ ಬರುತ್ತದೆ, ರಜೆಗೆ ನಿಯಮ ಇರುತ್ತದೆ, ಕೇಸ್ ಬರೆದಿಡುವುದು ಶಿಸ್ತಾಗಿರುತ್ತದೆ. ಈ ಶಿಸ್ತು ಮುಂದೆ ನಿಮ್ಮದೇ ಕ್ಲಿನಿಕ್ ಇಟ್ಟಾಗ ಬೇಕಾಗುತ್ತದೆ. ಕೇಳಬೇಕಾದ್ದು ಟಾರ್ಗೆಟ್ ಬಗ್ಗೆ. ತಿಂಗಳಿಗೆ ಇಷ್ಟು ಹಣದ ಕೆಲಸ ಆಗಲೇಬೇಕು ಎಂದು ಹೊಸಬರ ತಲೆ ಮೇಲೆ ಕೂತರೆ, ಬರಿ ಕಲೆ ಇರುವ ಹಲ್ಲಿಗೂ ಫಿಲ್ಲಿಂಗ್ ಬೇಕು ಅಂತ ಕಾಣಲು ಶುರುವಾಗುತ್ತದೆ. ರೋಗ ಗುರುತಿಸುವ ಕಣ್ಣು ಮೂಡುವುದೇ ಮೊದಲ ವರ್ಷ. ಆ ಕಣ್ಣು ಕೆಟ್ಟರೆ ಸರಿ ಮಾಡುವುದು ಬಹಳ ಕಷ್ಟ. ಟಾರ್ಗೆಟ್ ಮುಟ್ಟದಿದ್ದರೆ ಏನಾಗುತ್ತದೆ ಎಂದು ಕೇಳಿ. ಸಂಬಳ ಕಡಿತ ಅಂದರೆ ಆ ಕೆಲಸ ಬೇಡ.

ಕಾಲೇಜಿನಲ್ಲಿ ಟ್ಯೂಟರ್ ಕೆಲಸ ನಾಲ್ಕನೆಯದು. ಎಂಡಿಎಸ್ ಪ್ರವೇಶಕ್ಕೆ ನೀಟ್ ಎಂಡಿಎಸ್ ಪರೀಕ್ಷೆ ಬರೆಯುವವರಿಗೆ ಇದು ಹೊಂದುತ್ತದೆ. ಸಂಜೆ ಖಾಲಿ ಸಿಗುತ್ತದೆ, ಪುಸ್ತಕದ ಸಂಪರ್ಕ ತಪ್ಪುವುದಿಲ್ಲ. ಆದರೆ ಕೈ ಪಳಗಬೇಕಾದರೆ ಸಂಜೆ ಎಲ್ಲಾದರೂ ಕ್ಲಿನಿಕ್‌ಗೆ ಹೋಗಲೇಬೇಕು. ಅದಕ್ಕೆ ಕಾಲೇಜಿನವರ ಒಪ್ಪಿಗೆ ಇದೆಯೇ ಎಂದು ಸೇರುವ ಮೊದಲೇ ತಿಳಿದುಕೊಳ್ಳಿ.

ಭಾಷೆಯ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಹೊರಗಿನಿಂದ ಬಂದು ಇಲ್ಲಿ ಓದಿದವರಿಗೆ ಮಣಿಪಾಲ ಅಥವಾ ಮಂಗಳೂರು ಪೇಟೆಯಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಸಾಕು. ಕಾರ್ಕಳದ ಆಚೆ ಹೋದರೆ ತುಳು ಬೇಕು. ದೇರಳಕಟ್ಟೆ, ತೊಕ್ಕೊಟ್ಟು ಕಡೆ ಬ್ಯಾರಿ, ಮಲಯಾಳ ಕಿವಿಗೆ ಬೀಳುತ್ತದೆ. ಕೆನ್ನೆಗೆ ಕೈ ಕೊಟ್ಟುಕೊಂಡು "ಕೂಲಿ ಬೇನೆ" (ಹಲ್ಲು ನೋವು) ಅಂತ ಬರುವ ಅಜ್ಜನಿಗೆ ನೀವು ತುಳುವಿನಲ್ಲಿ ನಾಲ್ಕು ಮಾತಾಡಿದರೆ ಇಂಜೆಕ್ಷನ್ ಭಯ ಅರ್ಧ ಇಳಿಯುತ್ತದೆ.

ಹೂಂ ಅನ್ನುವ ಮೊದಲು ಒಂದು ದಿನ ಹೋಗಿ ಕೂರಿ

ಇದನ್ನು ಬಿಡಲೇಬೇಡಿ. "ಒಂದು ದಿನ ಬಂದು ನೋಡಬಹುದಾ ಸರ್" ಅಂತ ಕೇಳಿದರೆ ಒಳ್ಳೆಯ ಕ್ಲಿನಿಕ್‌ನವರು ಖುಷಿಯಿಂದಲೇ ಬನ್ನಿ ಅನ್ನುತ್ತಾರೆ. ಬೇಡ ಅಂದರೆ ಅದೂ ಒಂದು ಉತ್ತರವೇ.

ಮೊದಲು ನೋಡಬೇಕಾದ್ದು ಆಟೋಕ್ಲೇವ್, ಅಂದರೆ ಸಲಕರಣೆಗಳನ್ನು ಬಿಸಿ ಹಬೆಯಲ್ಲಿ ರೋಗಾಣುಮುಕ್ತ ಮಾಡುವ ಯಂತ್ರ. ಇದ್ದರೆ ಸಾಲದು, ದಿನಕ್ಕೆ ಎಷ್ಟು ಸಲ ಓಡುತ್ತದೆ ನೋಡಿ. ಸಲಕರಣೆಗಳು ಪೌಚ್‌ನಲ್ಲಿ ಬರುತ್ತವೆಯೋ, ಟ್ರೇಯಲ್ಲಿ ತೆರೆದು ಬಿದ್ದಿವೆಯೋ? ಹಲ್ಲು ಕೊರೆಯುವ ಏರೋಟರ್ ಹ್ಯಾಂಡ್‌ಪೀಸ್ ಎಷ್ಟಿವೆ? ದಿನಕ್ಕೆ ಹದಿನೈದು ರೋಗಿಗಳು ಬರುವ ಕಡೆ ಎರಡೇ ಹ್ಯಾಂಡ್‌ಪೀಸ್ ಇದ್ದರೆ, ಮಧ್ಯೆ ಸ್ಪಿರಿಟ್‌ನಲ್ಲಿ ಒರೆಸಿ ಮುಂದಿನ ಬಾಯಿಗೆ ಹಾಕುತ್ತಿದ್ದಾರೆ ಎಂದೇ ಅರ್ಥ. ಆಟೋಕ್ಲೇವ್‌ನ 134 ಡಿಗ್ರಿಯ ಒಂದು ಸೈಕಲ್‌ಗೆ ಬಿಸಿಯಾಗಿ, ಆರಿ ಹೊರಬರುವಷ್ಟು ಸಮಯ ಬೇಕೇ ಬೇಕು. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಇಂಥ ಕಡೆ ಎಷ್ಟೇ ಕೊಟ್ಟರೂ ಹೋಗಬೇಡಿ. ಇದರಲ್ಲಿ ರಾಜಿ ಇಲ್ಲ.

ಆಮೇಲೆ ಕಸದ ಬುಟ್ಟಿ. ಹಳದಿ, ಕೆಂಪು, ನೀಲಿ ಬೇರೆ ಬೇರೆ ಇದೆಯೇ, ಸೂಜಿಗಳಿಗೆ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿ ಇದೆಯೇ? 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಚಿಕ್ಕ ಕ್ಲಿನಿಕ್‌ಗೂ ಅನ್ವಯಿಸುತ್ತದೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪಡೆದ ನೋಂದಣಿ ಪತ್ರ ಗೋಡೆಯ ಮೇಲಿದೆಯೇ ಎಂದು ಒಮ್ಮೆ ಕಣ್ಣು ಹಾಯಿಸಿ. ಸೂಜಿ ಚುಚ್ಚಿಕೊಂಡರೆ ಏನು ಮಾಡುತ್ತೀರಿ ಎಂದು ಅಸಿಸ್ಟೆಂಟನ್ನು ಕೇಳಿ. ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಅಂಥ ಹೊತ್ತಿನಲ್ಲಿ ಯಾವ ಆಸ್ಪತ್ರೆಗೆ ಓಡಬೇಕು ಅನ್ನುವುದು ಅಲ್ಲಿರುವವರಿಗೆ ಗೊತ್ತಿರಬೇಕು. ನಿಮ್ಮ ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿದೆಯೇ ಎಂದು ನೀವೂ ನೋಡಿಕೊಳ್ಳಿ.

ಆ ದಿನ ಅಸಿಸ್ಟೆಂಟ್ ಎಷ್ಟು ಮಂದಿ ಎಂದು ಗಮನಿಸಿ. ಎರಡು ಚೇರಿಗೆ ಒಬ್ಬರೇ ಇದ್ದರೆ ಅವರು ಯಾವಾಗಲೂ ದೊಡ್ಡ ಡಾಕ್ಟರ ಬಳಿಯೇ ಇರುತ್ತಾರೆ. ಸಕ್ಷನ್ ಹಿಡಿಯುವುದರಿಂದ ಹಿಡಿದು ಎಲ್ಲವೂ ನಿಮ್ಮ ತಲೆಗೆ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಕಂಪ್ರೆಸರ್ ಓಡಲು ಏನು ವ್ಯವಸ್ಥೆ ಎಂದೂ ಕೇಳಿ. ಅರ್ಧ ಕೊರೆದ ಹಲ್ಲು ಬಿಟ್ಟು ಕರೆಂಟಿಗೆ ಕಾಯುವುದು ರೋಗಿಗೂ ಹಿಂಸೆ, ನಿಮಗೂ ಹಿಂಸೆ.

ಊರು, ಬಸ್ಸು, ಮಧ್ಯಾಹ್ನದ ಬಿಡುವು

ಈ ಭಾಗದಲ್ಲಿ ತುಂಬ ಕ್ಲಿನಿಕ್‌ಗಳು ಬೆಳಿಗ್ಗೆಯಿಂದ ಮಧ್ಯಾಹ್ನ ಒಂದರವರೆಗೆ, ಮತ್ತೆ ಸಂಜೆ ನಾಲ್ಕರಿಂದ ಎಂಟರವರೆಗೆ. ಕೆಲಸ ಏಳೆಂಟು ಗಂಟೆ ಅಂತ ಹೇಳಿದರೂ ಮನೆಯಿಂದ ಹೊರಗಿರುವುದು ಹನ್ನೊಂದು ಗಂಟೆ. ಮನೆ ಹತ್ತಿರ ಇದ್ದರೆ ಊಟ, ನಿದ್ದೆ, ಓದು ಎಲ್ಲ ಆಗುತ್ತದೆ. ಮಂಗಳೂರಿನಲ್ಲಿ ಮನೆ, ಉಡುಪಿಯಲ್ಲಿ ಕ್ಲಿನಿಕ್ ಆದರೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಎಕ್ಸ್‌ಪ್ರೆಸ್ ಬಸ್ಸಿನಲ್ಲೂ ಒಂದೂವರೆ ಗಂಟೆ ಹಿಡಿಯುತ್ತದೆ. ಮಧ್ಯಾಹ್ನದ ಮೂರು ಗಂಟೆ ಎಲ್ಲಿ ಕಳೆಯುತ್ತೀರಿ? ರಾತ್ರಿ ಎಂಟರ ಮೇಲೆ ಕೊನೆಯ ರೋಗಿ ಮುಗಿದು ಬಸ್ ಹಿಡಿಯುವುದು ಹೇಗೆ? ಅದಕ್ಕೆ ರೂಮ್ ಮಾಡಿದರೆ ಬಾಡಿಗೆಯನ್ನು ಸಂಬಳದಿಂದ ಕಳೆದೇ ಹೋಲಿಸಬೇಕು. 18,000ದ ಮನೆ ಹತ್ತಿರದ ಕೆಲಸ 24,000ದ ದೂರದ ಕೆಲಸಕ್ಕಿಂತ ಎಷ್ಟೋ ಸಲ ಮೇಲು.

ಬಾಂಡ್ ಮತ್ತು ಕಾಗದ ಪತ್ರ

ಒರಿಜಿನಲ್ ಸರ್ಟಿಫಿಕೇಟ್ ಯಾರಿಗೂ ಕೊಟ್ಟು ಬರಬೇಡಿ. ಜೆರಾಕ್ಸ್ ಕೊಡಿ, ಬೇಕಿದ್ದರೆ ಒರಿಜಿನಲ್ ತೋರಿಸಿ ವಾಪಸ್ ತನ್ನಿ.

ಕೆಲಸ ಬಿಟ್ಟ ಮೇಲೆ ಇಷ್ಟು ವರ್ಷ, ಇಷ್ಟು ಕಿಲೋಮೀಟರ್ ಒಳಗೆ ಪ್ರಾಕ್ಟೀಸ್ ಮಾಡಬಾರದು ಎನ್ನುವ ಷರತ್ತು ಕೆಲವು ಕಡೆ ಇರುತ್ತದೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ 27ನೇ ಕಲಂ ಪ್ರಕಾರ ಒಬ್ಬರ ವೃತ್ತಿಗೆ ತಡೆ ಹಾಕುವ ಒಪ್ಪಂದ ಅಷ್ಟರ ಮಟ್ಟಿಗೆ ಅಸಿಂಧು. ಕೆಲಸ ಬಿಟ್ಟ ನಂತರದ ಇಂಥ ತಡೆಯನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಎತ್ತಿ ಹಿಡಿಯುವುದಿಲ್ಲ. ಕೆಲಸದಲ್ಲಿರುವಾಗ ಬೇರೆ ಕಡೆ ಹೋಗಬಾರದು ಎಂಬ ಷರತ್ತು ಬೇರೆ, ಅದು ನಿಲ್ಲುತ್ತದೆ. ಇಷ್ಟು ವರ್ಷ ಇರಲೇಬೇಕು, ಇಲ್ಲದಿದ್ದರೆ ಹಣ ಕಟ್ಟಬೇಕು ಎನ್ನುವ ಬಾಂಡನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸರ್ಕಾರಿ ಬ್ಯಾಂಕೊಂದರ ಪ್ರಕರಣದಲ್ಲಿ ಮೂರು ವರ್ಷ ಮುಗಿಸದೆ ಬಿಟ್ಟರೆ 2 ಲಕ್ಷ ಕೊಡಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಒಪ್ಪಿದೆ. ನೀಟ್ ಎಂಡಿಎಸ್ ಸೀಟು ಸಿಕ್ಕಿದರೆ ಬಾಂಡ್ ಇಲ್ಲ ಎನ್ನುವ ಒಂದು ಸಾಲು ಸೇರಿಸಲು ಕೇಳಿ. ಹೆಚ್ಚಿನವರು ಒಪ್ಪುತ್ತಾರೆ.

ಕಾಯ್ದೆ ಏನೇ ಹೇಳಲಿ, ಕೆಲಸ ಬಿಟ್ಟು ಎದುರು ಕಟ್ಟಡದಲ್ಲೇ ಬೋರ್ಡ್ ಹಾಕಿ, ಆ ಕ್ಲಿನಿಕ್‌ನ ರೋಗಿಗಳ ನಂಬರಿಗೆ ಫೋನ್ ಮಾಡುವುದು ಸರಿಯಲ್ಲ. ನಿಮ್ಮನ್ನು ನಂಬಿ ಆ ರೋಗಿಗಳನ್ನು ಒಪ್ಪಿಸಿದವರು ಆ ಕ್ಲಿನಿಕ್‌ನವರು.

ದುಡ್ಡು ಬ್ಯಾಂಕ್ ಮೂಲಕವೇ ಬರಲಿ. ಪರ್ಸೆಂಟೇಜ್ ಹಣದಿಂದ ವೃತ್ತಿಪರ ಶುಲ್ಕ ಎಂದು ಶೇಕಡಾ 10 ಟಿಡಿಎಸ್ ಹಿಡಿದರೆ ಗಾಬರಿಯಾಗಬೇಡಿ. ರಿಟರ್ನ್ ಹಾಕಿದಾಗ ಅದು ನಿಮ್ಮ ತೆರಿಗೆಗೆ ಜಮೆಯಾಗುತ್ತದೆ, ಹೆಚ್ಚಾಗಿದ್ದರೆ ವಾಪಸ್ ಬರುತ್ತದೆ. ಮುಂದೆ ಸ್ವಂತ ಕ್ಲಿನಿಕ್‌ಗೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಮೊದಲು ಕೇಳುವುದೇ ಹಿಂದಿನ ವರ್ಷಗಳ ರಿಟರ್ನ್. ವೃತ್ತಿ ವಿಮೆ ನಿಮ್ಮ ಹೆಸರಿನಲ್ಲೇ ಮಾಡಿಸಿ, ಕ್ಲಿನಿಕ್‌ನದ್ದು ಇದೆಯಲ್ಲ ಅಂತ ಬಿಡಬೇಡಿ. ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ದೂರು ಬಂದರೆ ಚಿಕಿತ್ಸೆ ಮಾಡಿದ ಡಾಕ್ಟರ ಹೆಸರೂ ಅದರಲ್ಲಿರುತ್ತದೆ.

ಯಾರಿಗೆ ಯಾವುದು

ಒಂದೆರಡು ವರ್ಷದಲ್ಲಿ ಸ್ವಂತ ಕ್ಲಿನಿಕ್ ಇಡುವ ಮನಸ್ಸಿದ್ದರೆ ಚಿಕ್ಕ ಊರಿನ ಹಿರಿಯರ ಕ್ಲಿನಿಕ್‌ಗೇ ನನ್ನ ಮತ. ಸಂಬಳ ಪ್ಲಸ್ ಸಣ್ಣ ಪರ್ಸೆಂಟೇಜ್ ಕೇಳಿ. ಅಲ್ಲಿ ಕೈ ಕೆಲಸದ ಜೊತೆಗೆ ಲ್ಯಾಬ್ ಜೊತೆ ಮಾತಾಡುವುದು, ಮೆಟೀರಿಯಲ್ ತರಿಸುವುದು, ಹಣ ಬಿಡಿಸಿಕೊಳ್ಳುವುದು ಎಲ್ಲ ಕಣ್ಣೆದುರೇ ನಡೆಯುತ್ತದೆ. ಎಂಡಿಎಸ್ ಯಾವುದರಲ್ಲಿ ಮಾಡಬೇಕು ಎಂದು ಇನ್ನೂ ಗೊತ್ತಾಗದವರಿಗೆ ಕನ್ಸಲ್ಟೆಂಟ್‌ಗಳು ಬರುವ ಪೇಟೆಯ ಕ್ಲಿನಿಕ್ ಒಳ್ಳೆಯದು. ಪರೀಕ್ಷೆಗೆ ಗಟ್ಟಿಯಾಗಿ ಕೂರುವವರಿಗೆ ಕಾಲೇಜು ಅಥವಾ ಅರ್ಧ ದಿನದ ಕ್ಲಿನಿಕ್. ಮನೆಗೆ ಈಗಲೇ ದುಡ್ಡು ಬೇಕಾದವರು, ಶಿಕ್ಷಣ ಸಾಲದ ಕಂತು ಇರುವವರು ಚೈನ್ ಕ್ಲಿನಿಕ್‌ನ ಖಚಿತ ಸಂಬಳ ಆರಿಸಿಕೊಂಡರೆ ಅದರಲ್ಲಿ ಯಾವ ಕೀಳೂ ಇಲ್ಲ. ಟಾರ್ಗೆಟ್ ವಿಷಯ ಮಾತ್ರ ಬಿಡಿಸಿ ಕೇಳಿಕೊಂಡಿರಿ.

ಪೂರ್ತಿ ಪರ್ಸೆಂಟೇಜಿಗೆ ಮೊದಲ ಆರು ತಿಂಗಳು ಹೋಗಬೇಡಿ ಎಂದೇ ನನ್ನ ಸಲಹೆ. ಹೊಸ ಕೈ ನಿಧಾನ, ನಿಧಾನವಾಗಿಯೇ ಇರಬೇಕು. ಒಂದು ಆರ್‌ಸಿಟಿಗೆ ಎರಡು ಗಂಟೆ ಹಿಡಿದರೂ ಚೆನ್ನಾಗಿ ಮುಗಿಸುವ ಸಮಾಧಾನ ಬೇಕು. ತಿಂಗಳ ಬಾಡಿಗೆ ಆ ಹಲ್ಲಿನ ಮೇಲೆ ನಿಂತಿದ್ದರೆ ಆ ಸಮಾಧಾನ ಇರುವುದಿಲ್ಲ.

ಮಾತು ಮುಗಿದ ಮೇಲೆ ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಅಪಾಯಿಂಟ್‌ಮೆಂಟ್ ಲೆಟರ್ ಕೊಡುವ ರೂಢಿ ಇಲ್ಲದ ಕಡೆ, "ಸರ್, ನಾವು ಮಾತಾಡಿದ್ದು ಹೀಗೆ, ಸರಿ ಇದೆಯಲ್ಲ?" ಎಂದು ವಾಟ್ಸಾಪ್‌ನಲ್ಲಿ ಕಳಿಸಿ ಉತ್ತರ ತರಿಸಿಕೊಳ್ಳಿ. ಅದರಲ್ಲಿ ಸಂಬಳ, ಶೇಕಡಾ ಎಷ್ಟು ಮತ್ತು ಯಾವುದರ ಮೇಲೆ, ಯಾವ ತಾರೀಕಿಗೆ ಕೊಡುವುದು, ವಾರದ ರಜೆ, ಬಿಡುವ ಮೊದಲು ಎಷ್ಟು ದಿನದ ನೋಟಿಸ್ ಎಲ್ಲ ಇರಲಿ. ಮರೆತುಹೋಗುವ ಎರಡು ವಿಷಯ ಇವೆ. ಕ್ರೌನ್ ಬಿದ್ದು, ಆರ್‌ಸಿಟಿ ಕೆಟ್ಟು ರೋಗಿ ವಾಪಸ್ ಬಂದರೆ ಮತ್ತೆ ಮಾಡುವ ಖರ್ಚು ಯಾರದ್ದು? ನೀವು ಕೆಲಸ ಬಿಡುವಾಗ ಅರ್ಧ ಆಗಿರುವ ಕೇಸುಗಳ, ಇನ್ನೂ ಬರಬೇಕಾದ ಕಂತುಗಳ ಪಾಲು ಹೇಗೆ? ಇವೆರಡನ್ನೂ ಅದರಲ್ಲೇ ಸೇರಿಸಿ.

ಬೇಡ ಎಂದು ನಿರ್ಧರಿಸಿದ ಕ್ಲಿನಿಕ್‌ಗೂ ಫೋನ್ ಮಾಡಿ ತಿಳಿಸಿ. ಅವರೂ ನಿಮಗಾಗಿ ಚೇರು ಖಾಲಿ ಇಟ್ಟುಕೊಂಡು ಕಾಯುತ್ತಿರುತ್ತಾರೆ.